ನಾಮಪತ್ರವೇ ಹಾಕದ ಪುಸ್ತಕದ ಮೇಲೆ ಬೆಟ್ ಕಟ್ಟಬೇಡಿ

2025ರ ಮೇ 20ರ ರಾತ್ರಿ ಲಂಡನ್‌ನಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರ ಹೆಸರು ಕೂಗಿದ ಮೇಲೆ ನಮ್ಮಲ್ಲಿ ಒಂದು ಹೊಸ ಆಟ ಶುರುವಾಗಿದೆ. ‘ಮುಂದಿನ ಬೂಕರ್ ಯಾವ ಕನ್ನಡ ಕಾದಂಬರಿಗೆ?’ ಅಂತ ರೀಲ್ಸ್ ಬರುತ್ತವೆ. ವಾಟ್ಸಾಪ್ ಗ್ರೂಪುಗಳಲ್ಲಿ ಹತ್ತು ಹೆಸರಿನ ಪಟ್ಟಿ ಓಡಾಡುತ್ತದೆ. ಎಲ್ಲವೂ ದೊಡ್ಡ ಹೆಸರುಗಳು, ಪಠ್ಯಪುಸ್ತಕದಲ್ಲಿ ಫೋಟೊ ನೋಡಿದವರು. ಪ್ರತಿ ಹೆಸರಿನ ಮುಂದೆ ಕಾದಂಬರಿ, ಕಾದಂಬರಿಯ ಮುಂದೆ ಬೆಂಕಿ ಇಮೋಜಿ. ಅನುವಾದಕರ ಹೆಸರು ಮಾತ್ರ ಒಂದೂ ಇರುವುದಿಲ್ಲ.

ಇಂಥ ಪಟ್ಟಿಗಳನ್ನು ತಮಾಷೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇವು ಜನರ ಕಣ್ಣನ್ನು ತಪ್ಪು ಕಡೆ ತಿರುಗಿಸುತ್ತವೆ. ಅದಕ್ಕೇ ಬರೆಯುತ್ತಿದ್ದೇವೆ.

ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮಗೆ ಭವಿಷ್ಯ ಹೇಳುವ ಕೆಲಸ ಹೊಸದಲ್ಲ. ಪಂಚಾಯ್ತಿ ಚುನಾವಣೆ ಬಂದರೆ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆಯೇ ‘ಯಾರು ಗೆಲ್ಲಬಹುದು?’. ಆಗ ನಾವು ಭಾಷಣ ಯಾರದು ಜೋರು ಅಂತ ನೋಡುವುದಿಲ್ಲ. ನಾಮಪತ್ರ ಹಾಕಿದವರು ಯಾರು, ಯಾರದು ಕ್ರಮಬದ್ಧವಾಯಿತು, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಅಂತ ನೋಡುತ್ತೇವೆ. ನಾಮಪತ್ರವನ್ನೇ ಹಾಕದವನ ಮೇಲೆ ಬೆಟ್ ಕಟ್ಟಿದರೆ ಊರ ಕಟ್ಟೆಯ ಮೇಲೆ ಕೂತ ಅಜ್ಜನೂ ನಗುತ್ತಾನೆ. ಬೂಕರ್ ವಿಷಯದಲ್ಲಿ ಓದು ಬಲ್ಲವರೇ ಈ ಕೆಲಸ ಮಾಡುತ್ತಿದ್ದಾರೆ, ನಗುವವರು ಯಾರೂ ಇಲ್ಲ.

ಇಂಟರ್‌ನ್ಯಾಷನಲ್ ಬೂಕರ್‌ಗೆ ನಾಮಪತ್ರ ಹಾಕುವವರು ಲೇಖಕರಲ್ಲ. ಸರ್ಕಾರವಲ್ಲ, ಸಾಹಿತ್ಯ ಪರಿಷತ್ತೂ ಅಲ್ಲ. ಬೇರೆ ಭಾಷೆಯ ಕಾದಂಬರಿಯೋ ಕಥಾಸಂಕಲನವೋ ಇಂಗ್ಲಿಷಿಗೆ ಅನುವಾದವಾಗಿರಬೇಕು. ಆ ಅನುವಾದ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಬೇಕು, ಅದೂ ಆ ವರ್ಷಕ್ಕೆ ಗೊತ್ತು ಮಾಡಿದ ಹನ್ನೆರಡು ತಿಂಗಳೊಳಗೆ. 2025ರ ಬಹುಮಾನಕ್ಕೆ 2024ರ ಮೇ 1ರಿಂದ 2025ರ ಏಪ್ರಿಲ್ 30ರವರೆಗಿನ ಪುಸ್ತಕಗಳು ಲೆಕ್ಕಕ್ಕಿದ್ದವು. ಪುಸ್ತಕ ಕಳಿಸಬೇಕಾದವರು ಅಲ್ಲಿನ ಪ್ರಕಾಶಕರು. ಆ ವರ್ಷ ಹೀಗೆ ಬಂದ 154 ಪುಸ್ತಕಗಳಲ್ಲಿ ಐವರು ತೀರ್ಪುಗಾರರು ಮೊದಲು 13 ಆರಿಸಿದರು, ಆಮೇಲೆ 6, ಕೊನೆಗೆ ಒಂದು. ತೀರ್ಪುಗಾರರೂ ವರ್ಷ ವರ್ಷ ಬದಲಾಗುತ್ತಾರೆ.

ಅಂದರೆ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಅಚ್ಚಾದ ಇಂಗ್ಲಿಷ್ ಅನುವಾದ ಎಷ್ಟೇ ಚೆನ್ನಾಗಿರಲಿ, ಅಲ್ಲಿನ ಒಬ್ಬ ಪ್ರಕಾಶಕ ಅದನ್ನು ತರುವವರೆಗೆ ಕಣದಲ್ಲೇ ಇಲ್ಲ. ತಮಿಳಿನ ಪೆರುಮಾಳ್ ಮುರುಗನ್ ಅವರ ‘ಪೂಕ್ಕುಳಿ’ಯನ್ನೇ ನೋಡಿ. ಜಾತಿ ಮೀರಿ ಮದುವೆಯಾದ ಜೋಡಿಯ ಕಥೆ. ತಮಿಳಿನಲ್ಲಿ ಬಂದದ್ದು 2013ರಲ್ಲಿ. ಅನಿರುದ್ಧನ್ ವಾಸುದೇವನ್ ಅವರ ಇಂಗ್ಲಿಷ್ ಅನುವಾದ ‘ಪೈರ್’ ಭಾರತದಲ್ಲಿ ಬಂದದ್ದು 2016ರಲ್ಲಿ. ಬ್ರಿಟನ್ನಿನ ಪುಷ್ಕಿನ್ ಪ್ರೆಸ್ ತಂದದ್ದು 2022ರಲ್ಲಿ, ಬೂಕರ್‌ನ ಮೊದಲ ಪಟ್ಟಿಗೆ ಬಂದದ್ದು 2023ರಲ್ಲಿ. ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಕಾದಂಬರಿಯ ಗುಣವೇನೂ ಬದಲಾಗಲಿಲ್ಲ, ಅದಕ್ಕೆ ದಾರಿ ಸಿಕ್ಕಿತು ಅಷ್ಟೆ.

ನಮ್ಮವರ ತಪ್ಪು ಲೆಕ್ಕಕ್ಕೆ ಒಂದು ಹಳೆಯ ಕಾರಣವೂ ಇದೆ. 2013ರಲ್ಲಿ ಯು.ಆರ್. ಅನಂತಮೂರ್ತಿ ಅವರ ಹೆಸರು ಇದೇ ಬಹುಮಾನದ ಅಂತಿಮ ಹತ್ತರಲ್ಲಿತ್ತು. ಆಗ ಬಹುಮಾನ ಎರಡು ವರ್ಷಕ್ಕೊಮ್ಮೆ, ಒಬ್ಬ ಲೇಖಕರ ಒಟ್ಟು ಬರವಣಿಗೆಗೆ ಕೊಡುತ್ತಿದ್ದರು. ಆ ದಿನಗಳಲ್ಲಿ ‘ಯಾವ ದೊಡ್ಡ ಲೇಖಕರಿಗೆ ಬರಬಹುದು?’ ಎಂಬ ಪ್ರಶ್ನೆಗೆ ಅರ್ಥವಿತ್ತು. 2016ರಿಂದ ನಿಯಮ ಬದಲಾಯಿತು. ಒಂದು ವರ್ಷ, ಒಂದು ಅನುವಾದಿತ ಪುಸ್ತಕ, 50,000 ಪೌಂಡ್. ಅಂದರೆ 50 ಲಕ್ಷ ರೂಪಾಯಿಗೂ ಮೇಲೆ. ಅದರಲ್ಲಿ ಅರ್ಧ ಲೇಖಕರಿಗೆ, ಅರ್ಧ ಅನುವಾದಕರಿಗೆ, ಸರಿಸಮ. ನಮ್ಮ ಪಟ್ಟಿ ಮಾಡುವವರು ಇನ್ನೂ 2013ರಲ್ಲೇ ಇದ್ದಾರೆ.

ದೊಡ್ಡ ಹೆಸರಿದ್ದರೆ ಗೆಲ್ಲುತ್ತದೆ ಎನ್ನುವುದೂ ಬರೀ ಮಾತು. 2022ರ ಅಂತಿಮ ಆರರಲ್ಲಿ ಪೋಲೆಂಡಿನ ಓಲ್ಗಾ ತೊಕಾರ್ಚುಕ್ ಇದ್ದರು, ಅಷ್ಟರಲ್ಲಾಗಲೇ ಅವರಿಗೆ ನೊಬೆಲ್ ಬಂದಿತ್ತು. ನಾರ್ವೆಯ ಯೂನ್ ಫೊಸ್ಸೆ ಇದ್ದರು, ಮರುವರ್ಷ ನೊಬೆಲ್ ಪಡೆದರು. ಗೆದ್ದದ್ದು ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿ ‘ರೇತ್ ಸಮಾಧಿ’, ಡೈಸಿ ರಾಕ್‌ವೆಲ್ ಅನುವಾದ. 2019ರಲ್ಲಿ ಫ್ರಾನ್ಸಿನ ಆನಿ ಎರ್ನೊ ಅವರನ್ನು ಹಿಂದೆ ಹಾಕಿ ಗೆದ್ದವರು ಒಮಾನ್‌ನ ಜೋಖಾ ಅಲ್‌ಹಾರ್ತಿ.

ಹಾಗಾದರೆ ಎಲ್ಲಿ ನೋಡಬೇಕು? ಅನುವಾದಕರನ್ನು ನೋಡಿ, ಸಣ್ಣ ಪ್ರಕಾಶಕರನ್ನು ನೋಡಿ. 2016ರಲ್ಲಿ ಕೊರಿಯಾದ ಹಾನ್ ಕಾಂಗ್ ಜೊತೆ ಗೆದ್ದ ಅನುವಾದಕಿ ಡೆಬೊರಾ ಸ್ಮಿತ್. ಅದರ ಹಿಂದಿನ ವರ್ಷವೇ ಅವರು ಟಿಲ್ಟೆಡ್ ಆಕ್ಸಿಸ್ ಎಂಬ ಪುಟ್ಟ ಪ್ರಕಾಶನ ಶುರು ಮಾಡಿದ್ದರು. ಗೀತಾಂಜಲಿ ಶ್ರೀ ಅವರ ಪುಸ್ತಕವನ್ನು ಬ್ರಿಟನ್ನಿಗೆ ತಂದದ್ದು ಆ ಪ್ರಕಾಶನವೇ. ಕೊರಿಯಾದ ಒಬ್ಬ ಲೇಖಕಿಯನ್ನು ಇಂಗ್ಲಿಷಿಗೆ ತಂದ ಹೆಣ್ಣುಮಗಳು ಹಾಕಿದ ಅಂಗಡಿಯಲ್ಲಿ ಹಿಂದಿಗೆ ಬಾಗಿಲು ತೆರೆಯಿತು. ಇದನ್ನು ಯಾವ ರೀಲ್ಸೂ ಹೇಳುವುದಿಲ್ಲ.

ಈಗ ‘ಹಾರ್ಟ್ ಲ್ಯಾಂಪ್’ಗೆ ಬನ್ನಿ. 2025ರ ಫೆಬ್ರವರಿಯಲ್ಲಿ ಮೊದಲ ಪಟ್ಟಿ ಬಂದಾಗ ಪುಸ್ತಕ ಬ್ರಿಟನ್ನಿನ ಅಂಗಡಿಗೇ ಬಂದಿರಲಿಲ್ಲ, ಬಂದದ್ದು ಏಪ್ರಿಲ್‌ನಲ್ಲಿ. ತಂದವರು ಅಂಡ್ ಅದರ್ ಸ್ಟೋರೀಸ್, ಶೆಫೀಲ್ಡ್ ಊರಿನ ಸಣ್ಣ ಪ್ರಕಾಶಕರು. ಅದೊಂದು ಕಾದಂಬರಿಯೂ ಅಲ್ಲ, 12 ಸಣ್ಣಕಥೆಗಳ ಸಂಕಲನ. ಈ ಬಹುಮಾನ ಗೆದ್ದ ಮೊದಲ ಕಥಾಸಂಕಲನ. ‘ಯಾವ ಕಾದಂಬರಿ?’ ಅಂತ ಕೇಳುವವರ ಪ್ರಶ್ನೆಯೇ ಅಲ್ಲಿಗೆ ಮುಗಿಯಿತು. ಬಾನು ಅವರು ದಶಕಗಳಲ್ಲಿ ಬರೆದ ಕಥೆಗಳಿಂದ ಈ ಹನ್ನೆರಡನ್ನು ಆರಿಸಿದವರೂ ಮಡಿಕೇರಿಯ ದೀಪಾ ಭಾಸ್ತಿ ಅವರೇ. ಕನ್ನಡದ ಮಾತುಗಳನ್ನು ಓರೆ ಅಕ್ಷರ ಮಾಡದೆ, ಅಡಿಟಿಪ್ಪಣಿ ಹಾಕದೆ ಇಂಗ್ಲಿಷಿನೊಳಗೆ ಕೂರಿಸಿದರು.

ಸುಳಿವೇ ಇರಲಿಲ್ಲವೇ? ಇತ್ತು. 2024ರಲ್ಲೇ ಇಂಗ್ಲಿಷ್ ಪೆನ್ ಸಂಸ್ಥೆಯ ‘ಪೆನ್ ಟ್ರಾನ್ಸ್‌ಲೇಟ್ಸ್’ ಅನುವಾದ ನೆರವು ಈ ಪುಸ್ತಕಕ್ಕೆ ಸಿಕ್ಕಿತ್ತು. ಪ್ರಕಾಶಕ ಸಿಕ್ಕಿದ್ದಾನೆ, ಅನುವಾದಕ್ಕೆ ಹಣ ಬಂದಿದೆ, ಪುಸ್ತಕ ಬರುತ್ತಿದೆ ಎನ್ನುವುದೆಲ್ಲ ಅದರಲ್ಲೇ ಇತ್ತು. ಬೂತ್ ಲೆಕ್ಕ ಅಂದರೆ ಇದು. ಆದರೆ ಅಂದು ಹಾಸನದ ಈ ವಕೀಲೆ, ಒಂದು ಕಾಲದಲ್ಲಿ ಲಂಕೇಶ್ ಪತ್ರಿಕೆಗೆ ವರದಿ ಮಾಡಿದ ನಮ್ಮದೇ ಕಸುಬಿನ ಹೆಣ್ಣುಮಗಳ ಹೆಸರನ್ನು ಯಾವ ಭವಿಷ್ಯದ ಪಟ್ಟಿಯಲ್ಲೂ ನಾವು ಕಂಡ ನೆನಪಿಲ್ಲ. ಮುಸ್ಲಿಂ ಹೆಂಗಸರ ಅಡುಗೆಮನೆ, ತಲಾಖು, ಹೆರಿಗೆ, ಮಸೀದಿಯ ಪಂಚಾಯ್ತಿ ಬರೆದವರನ್ನು ‘ನಮ್ಮ ಶ್ರೇಷ್ಠರು’ ಅಂತ ಎಣಿಸುವ ರೂಢಿ ನಮಗಿರಲಿಲ್ಲ. ಆಮೇಲೆ 2025ರಲ್ಲಿ ಅವರು ದಸರಾ ಉದ್ಘಾಟಿಸಬಾರದು ಅಂತ ಸುಪ್ರೀಂ ಕೋರ್ಟಿನವರೆಗೂ ಹೋದವರೂ ಇದ್ದರು. ಅವರಲ್ಲಿ ಎಷ್ಟು ಜನ ಒಂದು ಕಥೆ ಓದಿದ್ದರೋ!

ಕೊರಿಯಾದ ಕಡೆ ನೋಡಿ. 2022, 2023, 2024, ಮೂರು ವರ್ಷವೂ ಕೊರಿಯನ್ ಪುಸ್ತಕ ಅಂತಿಮ ಆರರಲ್ಲಿತ್ತು. ಅದು ಅದೃಷ್ಟವಲ್ಲ. ಅಲ್ಲಿ ಸಾಹಿತ್ಯ ಅನುವಾದಕ್ಕೆಂದೇ ಸರ್ಕಾರದ ಸಂಸ್ಥೆಯಿದೆ. ಅನುವಾದಕರಿಗೆ ತರಬೇತಿ ಕೊಡುತ್ತದೆ, ಹೊರದೇಶದ ಪ್ರಕಾಶಕರಿಗೆ ಹಣ ಕೊಡುತ್ತದೆ. 2025ರಲ್ಲಿ ಮೊದಲ ಪಟ್ಟಿಯಲ್ಲೇ ಕೊರಿಯನ್ ಪುಸ್ತಕ ಇರಲಿಲ್ಲ ಅನ್ನುವುದೂ ನಿಜ. ಆದರೆ ಪ್ರತಿ ವರ್ಷ ಬಿತ್ತುವವನಿಗೆ ಒಂದು ವರ್ಷ ಬೆಳೆ ಕೈಕೊಟ್ಟರೆ ಮನೆ ಮುಳುಗುವುದಿಲ್ಲ.

ನಮ್ಮ ಸರ್ಕಾರ ಗೆದ್ದ ಮೇಲೆ ಇಬ್ಬರಿಗೂ ತಲಾ 10 ಲಕ್ಷ ರೂಪಾಯಿ ಕೊಟ್ಟಿತು. ಅನುವಾದಕರನ್ನು ಲೇಖಕರ ಸಮಕ್ಕೆ ನಿಲ್ಲಿಸಿದ್ದು ಒಳ್ಳೆಯದೇ. ಆದರೆ ಫಸಲು ಬಂದ ಮೇಲೆ ಹಾರ ಹಾಕುವುದು ಸುಲಭ, ಬಿತ್ತನೆ ಬೀಜಕ್ಕೆ ದುಡ್ಡು ಯಾರು ಕೊಡುತ್ತಾರೆ? ಒಂದು ಕಾದಂಬರಿ ಅನುವಾದಿಸಲು ವರ್ಷವೇ ಬೇಕಾಗಬಹುದು. ಆ ವರ್ಷ ಮನೆ ನಡೆಯಬೇಕು. ಅನುವಾದಕ್ಕೆಂದೇ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಕನ್ನಡ ಪುಸ್ತಕ ತರಲು ಒಪ್ಪಿದ ಹೊರಗಿನ ಸಣ್ಣ ಪ್ರಕಾಶಕರಿಗೆ ಅನುವಾದದ ಖರ್ಚು ಕೊಡುವ ಯೋಜನೆಯನ್ನು ಅದರ ಮೂಲಕವೇ ಮಾಡಬಹುದು. ಬೇಕಾದದ್ದು ವರ್ಷಕ್ಕೆ ಐದು ಪುಸ್ತಕದ ಹಣ. ಒಂದು ಉತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ ಎನ್ನುವುದು ಬಿಲ್ ನೋಡಿದವರಿಗೆ ಗೊತ್ತು.

‘ಲಂಡನ್ನಿನವರ ಮುದ್ರೆ ನಮಗ್ಯಾಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೂಕರ್ ಬಾರದಿದ್ದರೂ ‘ಎದೆಯ ಹಣತೆ’ ಅದೇ ಕಥೆ. ನಿಮಗೆ ಬೇಡವಾದರೆ ಬೇಡ, ಅದು ಮರ್ಯಾದೆಯ ನಿಲುವು. ಬೇಕು ಅನ್ನುವವರು, ಪಟ್ಟಿ ಮಾಡುವವರು ಮಾತ್ರ ಲೆಕ್ಕ ಕಲಿಯಲಿ. ಅದಕ್ಕೂ ಮೊದಲು ನಿಮ್ಮೂರ ಪಂಚಾಯ್ತಿಯ ಅರಿವು ಕೇಂದ್ರಕ್ಕೆ ಹೋಗಿ ಬಾನು ಮುಷ್ತಾಕ್ ಅವರ ಒಂದಾದರೂ ಕನ್ನಡ ಪುಸ್ತಕ ಇದೆಯೇ ನೋಡಿ. ಇಲ್ಲದಿದ್ದರೆ ತರಿಸಿ ಅಂತ ಬರೆದುಕೊಡಿ. ಅರ್ಜಿ ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಕಾಮೆಂಟಿನಲ್ಲಿ ಕೇಳಿ, ಬರೆದುಕೊಡುತ್ತೇವೆ.

ನಮ್ಮ ಅಂದಾಜು ಬೇಕೇ? ಬರುವ ಪಟ್ಟಿಯಲ್ಲಿ 12 ಅಥವಾ 13 ಪುಸ್ತಕ ಇರುತ್ತವೆ. ಹೆಚ್ಚಿನವು ನಾವು ಹೆಸರೇ ಕೇಳದ ಸಣ್ಣ ಪ್ರಕಾಶಕರದ್ದಾಗಿರುತ್ತವೆ. ಅರ್ಧಕ್ಕಿಂತ ಹೆಚ್ಚು ಯುರೋಪಿನ ಭಾಷೆಗಳಿಂದ ಬಂದಿರುತ್ತವೆ. ಕನ್ನಡದ್ದು ಇರುತ್ತದೆಯೇ ಅಂತ ಕೇಳಿದರೆ ನಾವೂ ಒಂದು ಪ್ರಶ್ನೆ ಕೇಳುತ್ತೇವೆ: ಈ ವರ್ಷ ಯಾವ ಕನ್ನಡ ಅನುವಾದಕರಿಗೆ ಬ್ರಿಟನ್ನಿನ ಪ್ರಕಾಶಕರ ಜೊತೆ ಕರಾರು ಆಗಿದೆ? ಆ ಹೆಸರು ತಂದುಕೊಡಿ, ಆಮೇಲೆ ಬೆಟ್ ಕಟ್ಟೋಣ.