ಮುಂಗಡ ಮತ್ತು ಮುಂಗಡಪತ್ರ

ಬಜೆಟ್ ಎಂಬ ಮಾತಿಗೆ ಕನ್ನಡದಲ್ಲಿ ಆಯವ್ಯಯ ಪತ್ರ, ಮುಂಗಡಪತ್ರ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮರಾಠಿಯಲ್ಲಿ ಅದು ಅಂದಾಜಪತ್ರಕ. ವೆಚ್ಚಕ್ಕೆ ಮೊದಲೇ ಬರೆದಿಡುವುದು ಎಂಬ ಭಾವ ಕನ್ನಡದ ಪದದಲ್ಲಿದ್ದರೆ, ಬರಲಿರುವುದನ್ನು ಊಹಿಸಿ ಅಳೆಯುವುದು ಎಂಬ ಭಾವ ಮರಾಠಿಯ ಪದದಲ್ಲಿದೆ. ಆದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಹಳ್ಳಿಮನೆಗಳಲ್ಲಿ ಮುಂಗಡ ಎಂದೊಡನೆ ನೆನಪಾಗುವುದು ಪತ್ರವಲ್ಲ. ದುಡಿಮೆಗೆ ಮೊದಲೇ ಪಡೆದ ಹಣ. ಕಬ್ಬು ಕಡಿಯಲು ಹೋಗುವ ಗಂಡ ಹೆಂಡತಿಯರ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸಿ, ಹಂಗಾಮಿಗೆ ಮೊದಲೇ ಮುಕಾದಮನು ‘ಉಚಲ’ ಕೊಡುತ್ತಾನೆ. ದಸರೆ, ದೀಪಾವಳಿಯ ಹೊತ್ತಿಗೆ ಆ ಹಣ ಕರಗಿರುತ್ತದೆ. ಮುಂದಿನ ತಿಂಗಳುಗಳ ದುಡಿಮೆ ಅದನ್ನು ತೀರಿಸುವುದಕ್ಕೇ ಮೀಸಲಾಗುತ್ತದೆ.

ಮುಂಗಡದ ಈ ಬದುಕಿಗೆ ಮಳೆಯ ಅಭಾವ, ಬೆಲೆಯ ಕುಸಿತ, ಜಮೀನಿನ ಕೊರತೆ ಎಂಬ ದೊಡ್ಡ ಕಾರಣಗಳಿವೆ. ಲೆಕ್ಕ ಬರೆದ ಮಾತ್ರಕ್ಕೆ ಬಡತನ ನೀಗುವುದೆಂದು ಹೇಳುವುದು ಬಡವರನ್ನು ಹಂಗಿಸಿದಂತೆ. ಆದರೆ ಇದ್ದುದರಲ್ಲಿ ಎಷ್ಟು ಸಾಲ ಅನಿವಾರ್ಯವಾಗಿತ್ತು, ಎಷ್ಟು ತಪ್ಪಿಸಬಹುದಾಗಿತ್ತು ಎಂಬ ಅರಿವು ಲೆಕ್ಕವಿಲ್ಲದ ಮನೆಗೆ ಎಂದೂ ದೊರೆಯದು. ಆದ್ದರಿಂದ ಗಡಿಭಾಗದ ಮನೆಗಳ ಲೆಕ್ಕ ಬಾಯಿಂದ ಬರಹಕ್ಕೆ ಬರಬೇಕು. ಅದು ತಿಂಗಳ ಲೆಕ್ಕವಾಗಿರದೆ ವರ್ಷದ ಲೆಕ್ಕವಾಗಿರಬೇಕು. ಮನೆಯವರೆಲ್ಲ ಆಡುವ ಮಾತಿನಲ್ಲಿರಬೇಕು. ಈ ಕೆಲಸಕ್ಕೆ ಕನ್ನಡ ಐಚ್ಛಿಕ ವಿಷಯ ಓದುವ ವಿದ್ಯಾರ್ಥಿಗಿಂತ ಯೋಗ್ಯರು ಆ ಮನೆಯಲ್ಲಿ ಬೇರೆ ಯಾರೂ ಇರಲಾರರು.

ಹಣಕಾಸಿನ ಪುಸ್ತಕಗಳು ಸಾಮಾನ್ಯವಾಗಿ ಸಂಬಳದಾರರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಒಂದನೆಯ ತಾರೀಖಿಗೆ ಸಂಬಳ, ಅದರಲ್ಲಿ ಇಷ್ಟು ಭಾಗ ಬಾಡಿಗೆಗೆ, ಇಷ್ಟು ಭಾಗ ಊಟಕ್ಕೆ, ಇಷ್ಟು ಭಾಗ ಉಳಿತಾಯಕ್ಕೆ ಎಂಬುದು ಅವುಗಳ ಕ್ರಮ. ಒಣಬೇಸಾಯದ ಮನೆಗೆ ಒಂದನೆಯ ತಾರೀಖು ಎಂಬುದೇ ಇಲ್ಲ. ತೊಗರಿ ಸಂಕ್ರಾಂತಿಯ ಆಸುಪಾಸಿನಲ್ಲಿ ಕೈಗೆ ಬರುತ್ತದೆ. ಹಿಂಗಾರಿ ಜೋಳ ಶಿವರಾತ್ರಿಯ ಅನಂತರ ಬರುತ್ತದೆ. ಆಷಾಢ, ಶ್ರಾವಣಗಳಲ್ಲಿ ನೆಟ್ಟ ‘ಆಡಸಾಲಿ’ ಕಬ್ಬು ಕಾರ್ಖಾನೆಗೆ ಹೋಗುವುದು ಸುಮಾರು ಒಂದೂವರೆ ವರ್ಷದ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಸಲ್ಲಬೇಕು. ಆದರೆ ಕಂತುಕಂತಾಗಿ, ತಡವಾಗಿ ಬರುವ ಹಣದ ಅನುಭವ ಬೆಳೆಗಾರರಿಗೆ ಹೊಸದಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಕನ್ನಡ ಗಾದೆಯೂ ‘ಅಂಥರೂಣ ಪಾಹೂನ ಪಾಯ ಪಸರಾವೇ’ ಎಂಬ ಮರಾಠಿ ಮ್ಹಣಿಯೂ ಈ ಭಾಗದಲ್ಲಿ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಎರಡೂ ಹಾಸಿಗೆಯ ಅಳತೆ ಸ್ಥಿರವೆಂದು ಭಾವಿಸಿವೆ. ರೈತನ ಹಾಸಿಗೆ ಹಾಗಲ್ಲ; ಫಾಲ್ಗುಣದಲ್ಲಿ ಅದು ಆಳುದ್ದ, ಜ್ಯೇಷ್ಠದಲ್ಲಿ ಗೇಣುದ್ದ. ಹಣ ಬಂದ ತಿಂಗಳಿನ ಹಾಸಿಗೆ ನೋಡಿ ಕಾಲು ಚಾಚಿದವನು, ಶಾಲೆಯ ಬಾಗಿಲೂ ಬಿತ್ತನೆಯ ಹೊಲವೂ ಒಟ್ಟಿಗೇ ಕರೆಯುವ ಜೂನ್ ತಿಂಗಳಲ್ಲಿ ಸಾಲಗಾರನ ಮನೆಯ ಕಟ್ಟೆ ಹತ್ತಬೇಕಾಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೇಸಾಯದ ವೆಚ್ಚ ಕಳೆದು ಒಂದು ಮನೆಗೆ ಕಬ್ಬಿನಿಂದ 1,40,000 ರೂಪಾಯಿ, ತೊಗರಿ ಮತ್ತು ಜೋಳದಿಂದ 40,000, ಹಾಲಿನಿಂದ 24,000, ಕೂಲಿಯಿಂದ 12,000 ಬರುವುದೆಂದು ಇಟ್ಟುಕೊಂಡರೆ ವರ್ಷದ ಜಮಾ 2,16,000 ರೂಪಾಯಿ. ಕಬ್ಬಿನ ಹಣ ಕೈಗೆ ಬಂದ ದಿನ ಆ ಮನೆ ತನ್ನನ್ನು ಲಕ್ಷಾಧಿಪತಿ ಎಂದೇ ಭಾವಿಸುತ್ತದೆ. ಹನ್ನೆರಡರಿಂದ ಭಾಗಿಸಿದರೆ ನಿಜ ತಿಳಿಯುತ್ತದೆ. ಅದು ತಿಂಗಳಿಗೆ 18,000 ರೂಪಾಯಿಯ ಮನೆ. ಈ ಒಂದು ಭಾಗಾಕಾರವೇ ಮನೆಯ ಮುಂಗಡಪತ್ರದ ಮೊದಲ ಸಾಲು.

ಆ ಬಳಿಕ ವೆಚ್ಚದ ಹಂಚಿಕೆ. ಇದಕ್ಕೆ ಮಾದರಿಯನ್ನು ಕನ್ನಡದ ವಿದ್ಯಾರ್ಥಿ ಹೊರಗೆ ಹುಡುಕಬೇಕಾಗಿಲ್ಲ. ಅವನು ಪಠ್ಯದಲ್ಲಿ ಓದುವ ದಾನಶಾಸನಗಳು ಒಂದರ್ಥದಲ್ಲಿ ಕಲ್ಲಿನ ಮೇಲೆ ಕೆತ್ತಿದ ಆಯವ್ಯಯ ಪತ್ರಗಳೇ. ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಎಂದು ಮೊದಲು ಆದಾಯದ ಮೂಲವನ್ನು ಹೇಳಿ, ಅದು ದೇವರ ಅಂಗಭೋಗ ರಂಗಭೋಗಗಳಿಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಅವು ವೆಚ್ಚದ ಬಾಬುಗಳನ್ನು ವಿಂಗಡಿಸುತ್ತವೆ. ಇವುಗಳಲ್ಲಿ ಕೊನೆಯದು ವಿಶೇಷವಾಗಿ ಗಮನಾರ್ಹ. ಕಟ್ಟಿದ ಗುಡಿ ಮುಂದೊಂದು ದಿನ ಒಡೆಯುವುದು, ಸೀಳುವುದು, ಹಳತಾಗುವುದು ಖಚಿತವೆಂದು ತಿಳಿದು ದುರಸ್ತಿಯ ಹಣವನ್ನು ದಾನದ ದಿನವೇ ಎತ್ತಿಟ್ಟ ವಿವೇಕ ಅದು.

ಮನೆಗೂ ಖಂಡಸ್ಫುಟಿತ ಜೀರ್ಣೋದ್ಧಾರ ಬೇಕು. ಸೋರುವ ಮಾಳಿಗೆ, ಸುಟ್ಟುಹೋಗುವ ಮೋಟಾರು, ಹಾಸಿಗೆ ಹಿಡಿಯುವ ಹಿರಿಯರು ಯಾವುದೂ ಅನಿರೀಕ್ಷಿತವಲ್ಲ. ಅವು ಬರುವ ತಾರೀಖು ಮಾತ್ರ ಅನಿರೀಕ್ಷಿತ. ಮೇಲಿನ ಮನೆಯಲ್ಲಿ ದಿನವಹಿ ಸಂಸಾರಕ್ಕೆ ವರ್ಷಕ್ಕೆ 1,08,000, ಓದಿಗೆ 30,000, ಹಬ್ಬ ಜಾತ್ರೆ ಆಹೇರಿಗೆ 24,000, ಔಷಧಕ್ಕೆ 12,000, ದುರಸ್ತಿಗೆ 12,000 ಎಂದು ಬರೆದರೆ ಒಟ್ಟು 1,86,000 ಆಗುತ್ತದೆ. ಶಿಲ್ಕು 30,000. ಹಳೆಯ ಸಾಲ ತೀರಿಸಲು, ಒಂದು ಬೆಳೆ ಕೈಕೊಟ್ಟರೆ ತಡೆದುಕೊಳ್ಳಲು ಆ ಮನೆಗಿರುವ ಆಸರೆ ಅಷ್ಟೇ. ಕಬ್ಬಿನ ಹಣ ಬಂದ ವಾರವೇ ಮಗನ ಮೋಟಾರ್‌ಸೈಕಲ್ಲಿಗೆ 60,000 ಮುಂಗಡ ಕಟ್ಟುವಾಗ, ಅದು ಎರಡು ವರ್ಷದ ಶಿಲ್ಕು ಎಂಬುದು ಕಾಗದದ ಮೇಲೆ ಕಂಡರೆ ಮಗನೇ ಎರಡು ಸಲ ಯೋಚಿಸುವನು.

ಬಡ್ಡಿಯ ಮಾತೂ ಹಾಗೆಯೇ. ನೂರಕ್ಕೆ ಮೂರು ರೂಪಾಯಿ ಎಂದು ಹೇಳುವಾಗ ಅದು ಕಿವಿಗೆ ಹಗುರ. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇಕಡಾ 36 ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 20,000 ರೂಪಾಯಿ ಸಾಲಕ್ಕೆ ತಿಂಗಳಿಗೆ 600ರಂತೆ ಮೂರು ವರ್ಷದಲ್ಲಿ 21,600 ರೂಪಾಯಿ ಬಡ್ಡಿ ಕಟ್ಟಿದ ಮೇಲೂ ಅಸಲು ಇದ್ದಲ್ಲಿಯೇ ಇರುತ್ತದೆ. ತಿಂಗಳು ತಿಂಗಳು ಕೊಟ್ಟ ಆರುನೂರು ಬಾಯಿಲೆಕ್ಕದಲ್ಲಿ ಕಳೆದುಹೋಗುತ್ತದೆ. ಬರೆದ ಲೆಕ್ಕದಲ್ಲಿ ಅದು ಒಂದರ ಕೆಳಗೊಂದು ನಿಂತು ತನ್ನ ಮೊತ್ತವನ್ನು ತಾನೇ ಹೇಳುತ್ತದೆ.

ಲೆಕ್ಕ ಬರೆಯಲು ಯುಗಾದಿಯ ಪಾಡ್ಯವೇ ತಕ್ಕ ದಿನ. ವರ್ತಕರು ದೀಪಾವಳಿಯ ಪಾಡ್ಯದಂದು ಹೊಸ ವಹಿಗೆ ಪೂಜೆ ಸಲ್ಲಿಸುತ್ತಾರೆ. ರೈತನ ಮಟ್ಟಿಗೆ ಯುಗಾದಿ ಸುಗ್ಗಿ ಮುಗಿದು ಬಿತ್ತನೆ ಇನ್ನೂ ಆರಂಭವಾಗದ ಬಿಡುವು. ಬಂದುದೆಷ್ಟು ಎಂಬುದು ತಿಳಿದಿರುತ್ತದೆ, ಹೋಗಬೇಕಾದುದು ಇನ್ನೂ ಪೂರ್ತಿ ಹೋಗಿರುವುದಿಲ್ಲ. ಅಂದು ಮನೆಯವರೆಲ್ಲ ಕೂಡಿ ವರ್ಷದ ಬಾಬುಗಳನ್ನು ಗೊತ್ತುಮಾಡಬೇಕು. ದಿನದ ಖರ್ಚು ಕೀರ್ದಿಯಲ್ಲಿ, ಬಾಬುವಾರು ಮೊತ್ತ ಖತಾವಣಿಯಲ್ಲಿ ಬರಲಿ. ಎರಡಕ್ಕೂ ಒಂದು ನೂರು ಪುಟದ ನೋಟುಪುಸ್ತಕ ಸಾಕು.

ಇದಕ್ಕೆ ಎದುರಾಗುವ ಆಕ್ಷೇಪಗಳು ಎರಡು. ಬರುವುದೇ ಅಲ್ಪ, ಬರೆಯುವುದೇನು ಎಂಬುದು ಮೊದಲನೆಯದು. ದೊಡ್ಡ ಆದಾಯದವನ ತಪ್ಪು ಲೆಕ್ಕವನ್ನು ಅವನ ಆದಾಯವೇ ಮುಚ್ಚುತ್ತದೆ. ಅಲ್ಪ ಆದಾಯದವನಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಲೆಕ್ಕದ ಅಗತ್ಯ ಅವನಿಗೇ ಹೆಚ್ಚು. ಎರಡನೆಯದು, ಹಿರಿಯರ ಕೈಯ ವ್ಯವಹಾರವನ್ನು ಮಕ್ಕಳು ಬರೆದು ಕೇಳುವುದು ಅವಿನಯವೆಂಬ ಭಾವನೆ. ಇದು ಹೆಚ್ಚು ಗಂಭೀರವಾದುದು. ಮಗಳ ಮದುವೆಗೆ ಮಾಡಿದ ಸಾಲ ತಾಯಿಗೇ ತಿಳಿಯದಿರುವ ಮನೆಗಳುಂಟು. ಹಣ ಸಾಲದೆಂದು ಓದು ನಿಂತ ಹುಡುಗಿಗೆ, ಆ ವರ್ಷ ಹಣ ಯಾವುದಕ್ಕೆ ಸಂದಿತೆಂಬುದು ತಿಳಿಯದಿರುವುದೂ ಉಂಟು. ಎಲ್ಲರ ಬದುಕನ್ನು ತೀರ್ಮಾನಿಸುವ ಲೆಕ್ಕ ಒಬ್ಬರ ಮನಸ್ಸಿನಲ್ಲಿ ಮಾತ್ರ ಇರುವುದನ್ನು ಮರ್ಯಾದೆ ಎನ್ನಲಾಗದು. ಆಯ್ದಕ್ಕಿ ಲಕ್ಕಮ್ಮನ ಕಥೆ ಇಲ್ಲಿ ನೆನೆಯತಕ್ಕದ್ದು. ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಳೆದು, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದವಳು ಅವಳು. ಮನೆಯ ಅಳತೆ ಅವಳಿಗೆ ತಿಳಿದಿತ್ತು. ಆಕೆಯ ಮಾತನ್ನು ಗಂಡ ಕೇಳಿದನು.

ಇನ್ನು ಭಾಷೆಯ ಸಂಗತಿ. ಗಡಿಭಾಗದ ಮನೆಯಲ್ಲಿ ಮಾತು ಕನ್ನಡ, ಸಹಕಾರ ಸಂಘದ ಪಾವತಿ ಮರಾಠಿ, ಬ್ಯಾಂಕಿನ ಕರಾರುಪತ್ರ ಹಲವೊಮ್ಮೆ ಇಂಗ್ಲಿಷ್. ಹಿರಿಯರು ಹೆಬ್ಬೆಟ್ಟು ಒತ್ತಿದ ಕಾಗದದ ಒಳಗೇನಿದೆ ಎಂಬುದು ಅವರಿಗೆ ಕೇಳಿಸುವ ಮಾತಿನಲ್ಲಿ ಇರುವುದಿಲ್ಲ. ಮೂರನ್ನೂ ಓದಬಲ್ಲ ವಿದ್ಯಾರ್ಥಿ ಅದನ್ನು ಕನ್ನಡದಲ್ಲಿ ಬರೆದು, ತಿಂಗಳಿಗೊಮ್ಮೆ ಅಂಗಳದಲ್ಲಿ ಓದಿ ಹೇಳಿದರೆ ಅಜ್ಜಿಗೂ ಅದು ತಿಳಿಯುತ್ತದೆ. ಪದಗಳ ಕೊರತೆಯೂ ಇಲ್ಲ. ಜಮಾ, ಬಾಕಿ, ಉದ್ರಿ, ಶಿಲ್ಕು, ಕೀರ್ದಿ, ಖತಾವಣಿ ಇವೆಲ್ಲ ಕನ್ನಡ ಮರಾಠಿಗಳ ಕೊಡುಕೊಳೆಯಲ್ಲಿ ಬೆಳೆದು ಈ ನೆಲದವೇ ಆಗಿರುವ ಮಾತುಗಳು.

ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿ ಕಾಯಕ ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಆ ಮಂಗಳವೇಢೆ ಇಂದಿನ ಸೋಲಾಪುರ ಜಿಲ್ಲೆಯಲ್ಲಿಯೇ ಇದೆ. ಕನ್ನಡ ಓದಿದವನಿಗೆ ಉದ್ಯೋಗವೇನು ಎಂಬ ಪ್ರಶ್ನೆ ಇಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ಪ್ರಶ್ನೆಗೆ ಸರಕಾರವೂ ಸಮಾಜವೂ ಉತ್ತರ ಕೊಡಬೇಕಾಗಿದೆ. ಅಲ್ಲಿಯವರೆಗೆ ಕಾಯದೆ ಕೈಗೆತ್ತಿಕೊಳ್ಳಬಹುದಾದ, ಸಂಬಳವಿಲ್ಲದಿದ್ದರೂ ಫಲವಿರುವ ಒಂದು ಕರಣಿಕತನ ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಯಲ್ಲಿಯೂ ತೆರವಾಗಿದೆ.