ಚೆನ್ನಾಗಿ ಕಾಣುವ ಕಣ್ಣಿಗೂ ಪರೀಕ್ಷೆ ಬೇಕೆ?

ಕಣ್ಣು ಚೆನ್ನಾಗಿಯೇ ಕಾಣುತ್ತಿರುವಾಗ ವೈದ್ಯರ ಬಳಿಗೆ ಹೋಗುವುದೇಕೆ? ಕಾಗವಾಡ ತಾಲೂಕಿನ ಕೃಷ್ಣಾತೀರದ ಜುಗೂಳದಂಥ ಊರಿನಲ್ಲಿ ಇದು ಉಡಾಫೆಯ ಪ್ರಶ್ನೆಯಲ್ಲ. ಮಿರಜಿಗೋ ಚಿಕ್ಕೋಡಿಗೋ ಹೋಗಿಬರುವುದೆಂದರೆ ಕಬ್ಬಿನ ಹೊಲದಲ್ಲಿ ದುಡಿಯುವವರಿಗೆ ಒಂದು ದಿನದ ಕೂಲಿ ಖೋತಾ.

ಕಾಣದಾದ ಮೇಲೆ ನೋಡಿಕೊಂಡರಾಯಿತು ಎಂಬ ನಂಬಿಕೆಗೂ ಆಧಾರವಿದೆ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ, ಪೊರೆ ಬಂದ ಅಸಂಖ್ಯ ಕಣ್ಣುಗಳಿಗೆ ಬೆಳಕು ನೀಡಿದರು. ತಡವಾದರೂ ಪೊರೆ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಗೆ ಮಣಿಯುತ್ತದೆ. ಆದರೆ ಗ್ಲಾಕೋಮಾ ಸಾಮಾನ್ಯವಾಗಿ ನೋವಿಲ್ಲದೆಯೇ ದೃಷ್ಟಿನರವನ್ನು ಸವೆಸುತ್ತದೆ. ಕಳೆದುಹೋದ ನೋಟ ಮರಳದು. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯೂ ಆರಂಭದಲ್ಲಿ ಸುಳಿವು ಕೊಡುವುದಿಲ್ಲ.

ಹಾಗೆಂದು ಎಲ್ಲರಿಗೂ ಪ್ರತಿವರ್ಷ ಪರೀಕ್ಷೆಯೆಂಬುದು ವಿವೇಕದ ವೆಚ್ಚವಾಗಲಾರದು. ಲಕ್ಷಣಗಳಿಲ್ಲದ ವಯಸ್ಕರೆಲ್ಲರ ಗ್ಲಾಕೋಮಾ ತಪಾಸಣೆಯ ಲಾಭ-ಹಾನಿಗಳನ್ನು ತೂಗಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ತಜ್ಞರ ಕಾರ್ಯಪಡೆ 2022ರಲ್ಲಿ ಹೇಳಿತು. ಮಧುಮೇಹಿಗಳ ವಿಷಯ ಬೇರೆ. ಅವರ ಕಣ್ಣುಗಳನ್ನು ಕ್ರಮಬದ್ಧವಾಗಿ ಪರೀಕ್ಷಿಸತೊಡಗಿದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ಮಧುಮೇಹ ಪ್ರಥಮ ಕಾರಣವಾಗಿ ಉಳಿದಿಲ್ಲವೆಂದು 2009–10ರ ದಾಖಲೆಗಳು ತೋರಿಸಿದವು.

ಆದ್ದರಿಂದ ಆದ್ಯತೆ ಗೊತ್ತುಮಾಡಿಕೊಳ್ಳಬೇಕು. ಮಧುಮೇಹಿಗಳಿಗೆ ವರ್ಷಕ್ಕೊಮ್ಮೆ, ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದವರಿಗೆ ವೈದ್ಯರು ಹೇಳಿದ ಅವಧಿಗೆ, ನಲವತ್ತು ದಾಟಿದ ಉಳಿದವರಿಗೆ ಒಮ್ಮೆಯಾದರೂ ಪೂರ್ಣ ಪರೀಕ್ಷೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರ ಓದಿದರೆ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆಯ ದಿನವೇ ಅಕ್ಷಿಪಟಲದ ಚಿತ್ರವನ್ನೂ ತೆಗೆಯುವಂತಾದರೆ ಕೂಲಿಯೂ ಉಳಿದೀತು, ಕಣ್ಣೂ ಉಳಿದೀತು.