ಕರಕರ ಅನ್ನೋ ನಾಬ್ ಕೆಟ್ಟಿದೆ ಅಂತ ಯಾರು ಹೇಳಿದ್ದು?

ಹಳೇ ರೇಡಿಯೋ, ಟೇಪ್ ರೆಕಾರ್ಡರ್ ಇದ್ದ ಮನೆಯವರಿಗೆಲ್ಲ ಈ ಸದ್ದು ಗೊತ್ತಿರುತ್ತೆ. ವಾಲ್ಯೂಮ್ ತಿರುಗಿಸಿದ ಕೂಡಲೇ "ಕರ್ರ್... ಕರಕರ", ವಾರ್ತೆ ಓದ್ತಾ ಇದ್ದವರು ಒಂದು ಕ್ಷಣ ಮಾಯ, ಮತ್ತೆ ಪ್ರತ್ಯಕ್ಷ. ಸರಿಯಾಗಿ ಕೇಳೋ ಒಂದು ಜಾಗ ಹುಡುಕಿ ನಾಬನ್ನು ಅಲ್ಲೇ ನಿಲ್ಲಿಸಿ, "ಯಾರೂ ಮುಟ್ಬೇಡಿ" ಅಂತ ಮನೆಯವರಿಗೆಲ್ಲ ಕಟ್ಟಪ್ಪಣೆ.

ಎಲೆಕ್ಟ್ರಿಕ್ ಗಿಟಾರಿನ ಮೇಲಿರೋ ವಾಲ್ಯೂಮ್, ಟೋನ್ ನಾಬುಗಳೂ ಅದೇ ಜಾತಿಯವು. ಒಳಗಿರೋ ಸಾಮಾನು ಅದೇ, ಬರೋ ಕಾಯಿಲೆಯೂ ಅದೇ. ವ್ಯತ್ಯಾಸ ಏನಂದ್ರೆ, ರೇಡಿಯೋಗೆ ಕರಕರ ಬಂದ್ರೆ ನಮ್ಮ ಹಿರಿಯರು ಬೆನ್ನು ಬಿಚ್ಚಿ ಊದಿ, ಒರೆಸಿ ಮುಚ್ತಿದ್ರು. ಗಿಟಾರಿಗೆ ಬಂದ್ರೆ ನಮ್ಮ ತಲೆಮಾರಿನವರು ಆನ್‌ಲೈನಲ್ಲಿ "ಅಪ್‌ಗ್ರೇಡ್ ಕಿಟ್" ಹುಡುಕ್ತಾರೆ. ಈ ಚಾಳಿ ಬಗ್ಗೆ ನನಗೊಂದಿಷ್ಟು ತಕರಾರಿದೆ. ಗಿಟಾರ್ ಮುಟ್ಟದವರೂ ಓದಬಹುದು, ಯಾಕಂದ್ರೆ ಇದು ಗಿಟಾರಿಗೆ ಮಾತ್ರ ಬಂದಿರೋ ರೋಗ ಅಲ್ಲ ಅಂತ ನನ್ನ ಗುಮಾನಿ :)

ಈಚೆಗೆ ನನ್ನ ಗೆಳೆಯನೊಬ್ಬನ ಸ್ಟ್ರಾಟ್ ಮಾದರಿಯ ಗಿಟಾರಿಗೆ ಇದೇ ಕಾಯಿಲೆ. ತಗೊಂಡು ಹೋದ ಅಂಗಡಿಯಲ್ಲಿ (ಹೆಸರು ಬೇಡ ಬಿಡಿ) ಹಿಂದೆ ಮುಂದೆ ನೋಡದೆ "ಇಡೀ ವೈರಿಂಗ್ ಬದಲಾಯಿಸ್ಬೇಕು ಸರ್, ಇಂಪೋರ್ಟೆಡ್ ಹಾಕೋಣ, ಟೋನೇ ಬದಲಾಗುತ್ತೆ" ಅಂದ್ರಂತೆ. ಗಿಟಾರಿನ ಬೆಲೆಯ ಕಾಲುಭಾಗದಷ್ಟು ಖರ್ಚು. ಅವನು ಹೂಂ ಅನ್ನೋ ಹೊತ್ತಿಗೆ ನಾನು ತಡೆದೆ. ಒಂದು ಭಾನುವಾರ ಮಧ್ಯಾಹ್ನ, ಒಂದು ಸ್ಕ್ರೂ ಡ್ರೈವರ್, ಒಂದು ಡಬ್ಬಿ ಕಾಂಟ್ಯಾಕ್ಟ್ ಕ್ಲೀನರ್. ಕರಕರ ಹೋಯ್ತು.

ಹೇಗೆ ಹೋಯ್ತು ಅನ್ನೋದಕ್ಕೆ ಒಳಗೆ ಏನಿದೆ ಅಂತ ನೋಡ್ಬೇಕು. ನಾಬಿನ ಕೆಳಗಿರೋದು ಪೊಟೆನ್ಶಿಯೋಮೀಟರ್, ಎಲ್ಲರ ಬಾಯಲ್ಲಿ "ಪಾಟ್". ಬಿಚ್ಚಿದ್ರೆ ಕುದುರೆ ಲಾಳದ ಆಕಾರದ ಒಂದು ಇಂಗಾಲದ ಪಟ್ಟಿ, ಅದರ ಮೇಲೆ ಸವರಿಕೊಂಡು ಓಡಾಡೋ ಒಂದು ಲೋಹದ ನಾಲಿಗೆ. ಹೊರಗೆ ಮೂರು ಕಾಲು. ಪಿಕಪ್ಪಿನಿಂದ ಬಂದ ಸಿಗ್ನಲ್ ಪಟ್ಟಿಯ ಒಂದು ತುದಿಗೆ, ಇನ್ನೊಂದು ತುದಿ ಗ್ರೌಂಡಿಗೆ, ನಡುವಿನ ನಾಲಿಗೆ ಆಂಪ್ಲಿಫೈಯರ್ ಕಡೆಗೆ. ನಾಲಿಗೆ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಎಷ್ಟು ಸದ್ದು ಹೊರಗೆ ಹೋಗುತ್ತೆ ಅನ್ನೋದು ತೀರ್ಮಾನ. ಅಷ್ಟೇ ಕಥೆ. ಧೂಳು, ಕೈಬೆವರು, ಮಳೆಗಾಲದ ತೇವ ಎಲ್ಲ ಸೇರಿ ಆ ನಾಲಿಗೆಗೂ ಪಟ್ಟಿಗೂ ನಡುವೆ ಒಂದು ಪದರ ಕಟ್ಟುತ್ತೆ. ಕರಾವಳಿ ಕಡೆಯವರಿಗೆ ಉಪ್ಪುಗಾಳಿಯ ಬೋನಸ್ಸು ಬೇರೆ. ನಾಲಿಗೆ ಆ ಕೊಳೆ ಮೇಲೆ ಹಾಯುವಾಗ ಸಂಪರ್ಕ ಕಡಿದು ಕೂಡಿ ಮಾಡುತ್ತೆ, ಆಂಪ್ಲಿಫೈಯರ್ ಅದನ್ನೇ ದೊಡ್ಡದು ಮಾಡಿ ಊರಿಗೆಲ್ಲ ಕೇಳಿಸುತ್ತೆ.

ಹಾಗಾಗಿ ಮೊದಲ ಔಷಧಿಗೆ ದುಡ್ಡೇ ಬೇಕಿಲ್ಲ. ಕೇಬಲ್ ಕಿತ್ತು, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತ ಗಿಟಾರಾದ್ರೆ ಎಷ್ಟೋ ಸಲ ಅಷ್ಟರಲ್ಲೇ ಸುಮ್ಮನಾಗುತ್ತೆ. ಆಗಲಿಲ್ವಾ, ಆಗ ಬಿಚ್ಚಿ. ಟೆಲಿಕಾಸ್ಟರ್ ಥರದ್ದಾದ್ರೆ ಕಂಟ್ರೋಲ್ ಪ್ಲೇಟಿಗೆ ಎರಡೇ ಸ್ಕ್ರೂ, ಪುಣ್ಯವಂತರು. ಲೆಸ್ ಪಾಲ್ ಥರದ್ದಕ್ಕೆ ಬೆನ್ನಲ್ಲಿ ಮುಚ್ಚಳ ಇರುತ್ತೆ. ಸ್ಟ್ರಾಟ್‌ಗೆ ತಂತಿ ಸಡಿಲಿಸಿ ಇಡೀ ಪಿಕ್‌ಗಾರ್ಡ್ ಎತ್ತಬೇಕು, ಈಗಿನವಕ್ಕೆ ಸಾಮಾನ್ಯವಾಗಿ ಹನ್ನೊಂದು ಸ್ಕ್ರೂ. ಪಾಟಿನ ಮೂರು ಕಾಲುಗಳ ಹತ್ತಿರ ಡಬ್ಬಿಗೂ ತಳಕ್ಕೂ ನಡುವೆ ಸಣ್ಣ ಕಿಂಡಿ ಇರುತ್ತೆ, ಕ್ಲೀನರಿನ ಸಪೂರ ನಳಿಕೆ ಅಲ್ಲಿಟ್ಟು ಒಂದೇ ಒಂದು ಚಿಕ್ಕ ಚಿಮ್ಮು. ಮತ್ತೆ ತುದಿಯಿಂದ ತುದಿಗೆ ಇಪ್ಪತ್ತು ಮೂವತ್ತು ಸಲ. ಬೇಕಿದ್ರೆ ಇನ್ನೊಂದು ಚಿಮ್ಮು. ಹೊರಗೆ ಸುರಿದದ್ದನ್ನು ಬಟ್ಟೆಯಲ್ಲಿ ಒರೆಸಿ, ಗಿಟಾರಿನ ಬಣ್ಣಕ್ಕೆ ತಾಗದಂಗೆ ನೋಡ್ಕೊಳ್ಳಿ, ಆರಲು ಬಿಡಿ. ಮುಗೀತು. ಇಎಸ್-335 ಥರದ ಟೊಳ್ಳು ಗಿಟಾರ್ ಇದ್ದವರು ಮಾತ್ರ ಪಾಪ, ಅವುಗಳಲ್ಲಿ ಬಹುಪಾಲಿಗೆ ಬೆನ್ನ ಮುಚ್ಚಳವೇ ಇಲ್ಲ. ಎಲ್ಲವನ್ನೂ ಎದೆಯ ತೂತಿನಿಂದ ದಾರ ಕಟ್ಟಿ ಎಳೀಬೇಕು, ಅದೊಂಥರಾ ಬಾವಿಯಿಂದ ಕೊಡ ಎತ್ತೋ ಕೆಲಸ. ಅದನ್ನು ಬಲ್ಲವರಿಗೇ ಕೊಡಿ.

ಏನು ಚಿಮ್ಮಿಸ್ಬೇಕು ಅನ್ನೋದರಲ್ಲಿ ಎಚ್ಚರ. ಡಿಆಕ್ಸಿಟ್‌ನವರ ಫೇಡರ್‌ಗೆ ಅಂತಲೇ ಇರೋ ಡಬ್ಬಿ ಬಹಳ ಜನರ ಆಯ್ಕೆ, ಏಕೆಂದರೆ ಅದು ತೊಳೆಯೋದರ ಜೊತೆಗೆ ಪಟ್ಟಿ ಮೇಲೆ ತೆಳುವಾಗಿ ಜಾರುವಿಕೆಯನ್ನೂ ಉಳಿಸುತ್ತೆ. ಪೂರ್ತಿ ಒಣಗಿ ಹೋಗೋ ಕ್ಲೀನರ್ ಹಾಕಿದ್ರೆ ಒಳಗಿನ ಗ್ರೀಸೂ ತೊಳೆದುಹೋಗಿ ನಾಬು ಕರ್ಕಶವಾಗಿ ತಿರುಗೋದುಂಟು. ಎಸ್.ಪಿ. ರೋಡಲ್ಲಿ ಕೇಳಿದ್ರೆ ಯಾವುದಾದ್ರೂ ಕಾಂಟ್ಯಾಕ್ಟ್ ಕ್ಲೀನರ್ ಕೊಡ್ತಾರೆ. ಡಬ್ಬಿ ಮೇಲೆ ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಅಂತ ಬರೆದಿದೆಯಾ ನೋಡಿ ತಗೊಳ್ಳಿ. ಎಲ್ಲರ ಮನೆಯಲ್ಲೂ ಇರೋ ನೀಲಿ ಹಳದಿ ಡಬ್ಬಿಯ ಡಬ್ಲ್ಯುಡಿ-40 ಬೇಡ. ಸದ್ಯಕ್ಕೆ ಸದ್ದು ನಿಲ್ಲಬಹುದು, ಆದ್ರೆ ಅದು ಬಿಟ್ಟುಹೋಗೋ ಎಣ್ಣೆ ಪದರಕ್ಕೆ ಧೂಳು ಬಂದು ಅಂಟಿಕೊಳ್ಳುತ್ತೆ. ಹೊಲಿಗೆ ಮಷೀನಿನ ಎಣ್ಣೆಯೂ ಬೇಡ. ಕೊಬ್ಬರಿ ಎಣ್ಣೆ ವಿಷಯ ನಾನು ಹೇಳಲೇಬೇಕಾ ಮಾರಾಯ್ರೆ?

ಅಂದ ಹಾಗೆ, ಸದ್ದು ನಾಬಿನದ್ದೇನಾ ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ನಾಬು ಮುಟ್ಟದೆ ಕೇಬಲ್ ಅಲ್ಲಾಡಿಸಿದಾಗ ಕರಕರ ಬಂದ್ರೆ ತಪ್ಪಿತಸ್ಥ ಜ್ಯಾಕ್ ಅಥವಾ ಕೇಬಲ್. ನಾಬಿನ ಕೆಳಗಿನ ನಟ್ಟು ಸಡಿಲವಾಗಿ ಇಡೀ ಪಾಟೇ ತಿರುಗ್ತಾ ಇದ್ರೆ ಇವತ್ತಲ್ಲ ನಾಳೆ ಒಳಗೆ ವೈರ್ ಕಿತ್ತುಬರುತ್ತೆ. ನಮ್ಮ ಕೋಡಿಂಗ್ ಜಗತ್ತಿನಲ್ಲಿ ಇದು ನಿತ್ಯದ ಕಥೆ ತಾನೆ? ಲಾಗ್ ಫೈಲ್ ತೆರೆದು ನೋಡೋ ಮೊದಲೇ "ಇಡೀ ಮಾಡ್ಯೂಲ್ ರೀರೈಟ್ ಮಾಡೋಣ" ಅನ್ನೋ ಮಹಾನುಭಾವರು ಪ್ರತಿ ಟೀಮಲ್ಲೂ ಒಬ್ಬರು ಇರ್ತಾರೆ.

ಹಾಗಂತ ಪಾಟ್ ಬದಲಾಯಿಸಲೇಬಾರದು ಅಂತ ನಾನು ಹೇಳ್ತಿಲ್ಲ. ಪಟ್ಟಿಯೇ ಸವೆದು ಹೋಗಿದ್ರೆ ಯಾವ ಡಬ್ಬಿಯೂ ಉಳಿಸಲ್ಲ. ತೊಳೆದ ವಾರದಲ್ಲೇ ಅದೇ ಜಾಗದಲ್ಲಿ ಸದ್ದು ಕಡೀತಿದ್ರೆ ಬದಲಾಯಿಸಿ. ಇನ್ನೊಂದು ನಿಜವಾದ ಕಾರಣ, ಅಗ್ಗದ ಗಿಟಾರುಗಳಲ್ಲಿ ಕೆಲವೊಮ್ಮೆ ವಾಲ್ಯೂಮಿಗೆ ಲೀನಿಯರ್ ಪಾಟ್ ಹಾಕಿರ್ತಾರೆ. ಈಗಿನ ಪಾಟುಗಳ ಮೈಮೇಲೆ "ಬಿ500ಕೆ" ಅಂತಿದ್ರೆ ಸಾಮಾನ್ಯವಾಗಿ ಲೀನಿಯರ್, "ಎ500ಕೆ" ಅಂತಿದ್ರೆ ಲಾಗ್. ನಮ್ಮ ಕಿವಿ ಸದ್ದನ್ನು ಅಳೆಯೋದು ಲಾಗ್ ಲೆಕ್ಕದಲ್ಲಿ. ಅದಕ್ಕೇ ಲೀನಿಯರ್ ಪಾಟಲ್ಲಿ ಹತ್ತರಿಂದ ಐದರವರೆಗೆ ತಿರುಗಿಸಿದ್ರೂ ಏನೂ ಆಗದಂತೆ ಅನ್ನಿಸಿ, ಕೊನೆಯಲ್ಲಿ ದಡಕ್ಕನೆ ಸದ್ದು ಬಿದ್ದುಹೋಗುತ್ತೆ. ಇದು ಕಿವಿಗೆ ಕೇಳೋ ವ್ಯತ್ಯಾಸ, ಖರ್ಚಿಗೆ ತಕ್ಕದ್ದು.

ಬೆಲೆಯೂ ಮುಖ್ಯ. ದುಡ್ಡಿನ ಬೆಲೆ ಅಲ್ಲ, ಓಮ್ ಬೆಲೆ. ಸಿಂಗಲ್ ಕಾಯಿಲ್ ಪಿಕಪ್ಪಿಗೆ 250 ಕಿಲೋಓಮ್, ಹಂಬಕರಿಗೆ 500 ಅನ್ನೋದು ರೂಢಿ. ಹೆಚ್ಚಾದಷ್ಟೂ ಧ್ವನಿ ಚುರುಕು, ಕಡಿಮೆಯಾದಷ್ಟೂ ಮೆತ್ತಗೆ. ಆದ್ರೆ ಪಾಟುಗಳಲ್ಲಿ ಶೇಕಡಾ 20ರಷ್ಟು ಹೆಚ್ಚುಕಮ್ಮಿ ಮಾಮೂಲು. 500 ಅಂತ ಬರೆದಿರೋದು 400 ಇರಬಹುದು, 600 ಇರಬಹುದು. "ಹೊಸ ಪಾಟ್ ಹಾಕಿದೆ, ಮುಸುಕು ತೆಗೆದಂಗಾಯ್ತು" ಅಂತ ಬರೆಯೋರೆಲ್ಲ ಸುಳ್ಳು ಹೇಳ್ತಿದ್ದಾರೆ ಅಂತಲ್ಲ. 410ರ ಜಾಗಕ್ಕೆ 560 ಬಂದ್ರೆ ಕೇಳಿಸಲೇಬೇಕು. ಅದಕ್ಕೆ ಕಾರಣ ಬ್ರ್ಯಾಂಡೋ ಬರೀ ಓಮೋ ಅಂತ ತಿಳಿಯೋಕೆ ಒಂದು ಮಲ್ಟಿಮೀಟರ್ ಸಾಕು. ಡಿಗ್ರಿ ಮಾಡುವಾಗ ಲ್ಯಾಬಲ್ಲಿ ಮುಟ್ಟಿದ್ದೇ ಕೊನೆ ಅನ್ನೋರು ಈಗಲಾದ್ರೂ ಮುಟ್ಟಬಹುದು. 500 ಸಿಗಲಿಲ್ಲ, 470 ಸಿಕ್ಕಿತು ಅಂದ್ರೆ ಧಾರಾಳವಾಗಿ ಹಾಕಿ, ಆ ವ್ಯತ್ಯಾಸ ಪಾಟಿನ ಹೆಚ್ಚುಕಮ್ಮಿಯೊಳಗೇ ಮುಳುಗಿಹೋಗುತ್ತೆ. ಅಮೆರಿಕದ ಸಿಟಿಎಸ್ ಪಾಟುಗಳು ಗಟ್ಟಿಮುಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ತಗೊಳ್ಳೋ ಮೊದಲು ತೂತಿನ ಅಳತೆ ನೋಡಿ. ಅದಕ್ಕೆ ಸುಮಾರು 9.5 ಮಿಲಿಮೀಟರ್ ಬೇಕು, ಚಿಕ್ಕ ಪಾಟ್ ಕೂತಿರೋ ಗಿಟಾರಿನ ತೂತು ಅದಕ್ಕಿಂತ ಸಣ್ಣದು. ಹಳೇ ನಾಬೂ ಹೊಸ ದಂಡಕ್ಕೆ ಕೂರದೆ ಇರಬಹುದು.

ಈಗ ಕೆಪಾಸಿಟರ್ ಪುರಾಣಕ್ಕೆ ಬರೋಣ. ಟೋನ್ ನಾಬಿನ ಜೊತೆ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ, ಸಾಮಾನ್ಯವಾಗಿ 0.022 ಅಥವಾ 0.047 ಮೈಕ್ರೋಫ್ಯಾರಡ್. ತೀಕ್ಷ್ಣ ಸ್ವರಗಳನ್ನು ಗ್ರೌಂಡಿಗೆ ಹರಿಸೋದು ಅದರ ಕೆಲಸ. ಎಣ್ಣೆಯಲ್ಲಿ ನೆನೆಸಿದ ಕಾಗದದ್ದು, ಕಿತ್ತಳೆ ಬಣ್ಣದ "ಆರೆಂಜ್ ಡ್ರಾಪ್", ಐವತ್ತರ ದಶಕದ ಗಿಬ್ಸನ್‌ಗಳಲ್ಲಿದ್ದ ಪಟ್ಟೆಪಟ್ಟೆಯ "ಬಂಬಲ್‌ಬೀ"... ಒಂದೊಂದಕ್ಕೂ ಭಕ್ತಗಣ ಇದೆ. ನನ್ನ ಅಭಿಪ್ರಾಯ ಸರಳ: ಇಲ್ಲಿ ಕೇಳಿಸೋದು ಫ್ಯಾರಡ್, ಅದರ ಅಂಗಿಯಲ್ಲ. ಟೋನ್ ನಾಬ್ ಹತ್ತರಲ್ಲಿದ್ದಾಗ ಆ ಕೆಪಾಸಿಟರ್ 250 ಅಥವಾ 500 ಕಿಲೋಓಮ್ ಗೋಡೆಯ ಆಚೆ ಕೂತಿರುತ್ತೆ, ಮಾತಾಡೋಕೆ ಅದಕ್ಕೆ ಅವಕಾಶವೇ ಕಮ್ಮಿ. ಹಾಗಿದ್ದೂ ಜನ ನಾಬು ಹತ್ತರಲ್ಲಿಟ್ಟೇ "ಆಹಾ, ಎಣ್ಣೆ ಕಾಗದದ ಮಾಧುರ್ಯ" ಅಂತಾರೆ. ಅಗ್ಗದ ಸೆರಾಮಿಕ್ ಬಿಲ್ಲೆಗಳಲ್ಲಿ ಕೆಲವಕ್ಕೆ ಶೇಕಡಾ 20 ಕಮ್ಮಿಯಿಂದ 80 ಹೆಚ್ಚಿನವರೆಗೂ ವ್ಯತ್ಯಾಸ ಇರಬಹುದು. ಅದನ್ನು ಕಿತ್ತು ಸರಿಯಾದ ಬೆಲೆಯದ್ದು ಹಾಕಿದಾಗ ಟೋನ್ ಬದಲಾದ್ರೆ ಆಶ್ಚರ್ಯ ಏನಿದೆ? ಹತ್ತಿಪ್ಪತ್ತು ರೂಪಾಯಿಯ ಫಿಲ್ಮ್ ಕೆಪಾಸಿಟರ್ ಕೂಡ ಅದನ್ನೇ ಮಾಡುತ್ತೆ.

ಲೆಕ್ಕವನ್ನೇ ನೋಡಿ. ಸ್ಟ್ರಾಟ್ ಥರದ ಪಿಕಪ್ಪಿನ ಇಂಡಕ್ಟೆನ್ಸ್ 2.5 ಹೆನ್ರಿ ಅಂತಿಟ್ಟುಕೊಳ್ಳೋಣ, ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್, ಪಿಕಪ್ಪಿನದ್ದೇ ಒಂದು 100. ಐದು ಮೀಟರ್ ಕೇಬಲ್ ಹಾಕಿದ್ರೆ ಗಿಟಾರ್ ಮಿಂಚೋ ಜಾಗ ಸುಮಾರು 4.1 ಕಿಲೋಹರ್ಟ್ಸ್. ಹತ್ತು ಮೀಟರ್ ಹಾಕಿದ್ರೆ 3 ಕಿಲೋಹರ್ಟ್ಸ್! ಕೆಪಾಸಿಟರಿನ ಜಾತಿಗೋತ್ರ ವಿಚಾರಿಸೋರು ಇಡೀ ಸ್ಟೇಜಿಗೆ ಹಾಸೋವಷ್ಟು ಉದ್ದದ ಕೇಬಲ್ ಸಿಕ್ಕಿಸಿಕೊಂಡು ನಿಂತಿರ್ತಾರೆ.

ಇನ್ನೊಂದು ದೂರು, "ವಾಲ್ಯೂಮ್ ಇಳಿಸಿದ್ರೆ ಧ್ವನಿ ಮಂಕಾಗುತ್ತೆ". ಇದು ನಿಜ, ಕೊಳೆಯಿಂದ ಬಂದದ್ದಲ್ಲ. ಪಾಟಿನ ರೋಧವೂ ಕೇಬಲಿನ ಕೆಪಾಸಿಟೆನ್ಸೂ ಸೇರಿ ತೀಕ್ಷ್ಣ ಸ್ವರ ತಿಂದುಹಾಕ್ತವೆ. ಇದಕ್ಕೂ ಕಿಟ್ ಬೇಡ. ಟೋನ್ ವೈರನ್ನು ವಾಲ್ಯೂಮಿನ ಹೊರಗಾಲಿನಿಂದ ಬಿಡಿಸಿ ನಡುಗಾಲಿಗೆ ಹಚ್ಚಿದ್ರೆ "ಫಿಫ್ಟೀಸ್ ವೈರಿಂಗ್" ಆಗುತ್ತೆ. ಖರ್ಚು ಒಂದು ಚಿಟಿಕೆ ಸೋಲ್ಡರ್. ಸಾಲದಿದ್ರೆ ವಾಲ್ಯೂಮಿನ ಒಳಬರೋ ಕಾಲಿಗೂ ನಡುಗಾಲಿಗೂ ಒಂದು ನ್ಯಾನೋಫ್ಯಾರಡ್ ಆಸುಪಾಸಿನ ಕೆಪಾಸಿಟರ್, ಅದರ ಪಕ್ಕಕ್ಕೆ 150 ಕಿಲೋಓಮ್ ರೆಸಿಸ್ಟರ್. ನನಗೆ ಮೊದಲನೆಯದ್ದೇ ಇಷ್ಟ. ಅದರಲ್ಲಿ ಟೋನ್ ತಿರುಗಿಸಿದ್ರೆ ವಾಲ್ಯೂಮೂ ಚೂರು ಅಲ್ಲಾಡುತ್ತೆ, ಅದಕ್ಕೆ ಕೈ ಹೊಂದಿಕೊಳ್ಳುತ್ತೆ.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋಬೇಕು ಅಂದ್ರೆ, ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದು ಕಡೆ ಆಗ್ತಿದೆ. ಕರಕರ ಅನ್ನೋ ನಾಬನ್ನು ಯಾರೂ ಮುಟ್ಟಲ್ಲ. ನಾನು ನೋಡಿರೋ ಹುಡುಗರಲ್ಲಿ ಮುಕ್ಕಾಲುಪಾಲು ಎಲ್ಲ ನಾಬನ್ನೂ ಹತ್ತಕ್ಕಿಟ್ಟು, ಥೇಟ್ ಆ ರೇಡಿಯೋದಂತೆ, ಮರೆತುಬಿಡ್ತಾರೆ. ಮೆತ್ತಗಿನ ಧ್ವನಿ ಬೇಕಾದ್ರೆ ಒಂದು ಪೆಡಲ್, ಜೋರಿಗೆ ಇನ್ನೊಂದು ಪೆಡಲ್. ಆದ್ರೆ ಕ್ರೀಮ್ ದಿನಗಳ ಎರಿಕ್ ಕ್ಲಾಪ್ಟನ್‌ನ ಹೆಸರಾಂತ "ವುಮನ್ ಟೋನ್" ಹುಟ್ಟಿದ್ದು ಟೋನ್ ನಾಬ್ ಇಳಿಸಿ. ರಾಯ್ ಬುಕಾನನ್ ಟೆಲಿಕಾಸ್ಟರಿನ ವಾಲ್ಯೂಮನ್ನು ಕಿರುಬೆರಳಲ್ಲಿ ಏರಿಸ್ತಾ ಸ್ವರಗಳನ್ನು ಪಿಟೀಲಿನ ಹಾಗೆ ಅರಳಿಸ್ತಿದ್ದ. ಜೆಫ್ ಬೆಕ್ 1975ರ 'ಬ್ಲೋ ಬೈ ಬ್ಲೋ' ಆಲ್ಬಮ್ಮಿನ ಒಂದು ಹಾಡನ್ನು ಅವನಿಗೇ ಅರ್ಪಿಸಿದ. 2023ರಲ್ಲಿ ತೀರಿಕೊಳ್ಳೋವರೆಗೂ ಬೆಕ್‌ನ ಬಲಗೈ ಕಿರುಬೆರಳು ವಾಲ್ಯೂಮ್ ನಾಬಿನ ಮೇಲೇ. 1982ರಲ್ಲಿ ಬಂದ ವ್ಯಾನ್ ಹೇಲನ್‌ರ 'ಕೆಥೀಡ್ರಲ್' ಕೇಳಿ, ಚರ್ಚಿನ ಆರ್ಗನ್ ಥರ ಕೇಳೋ ಆ ಸ್ವರಗಳೆಲ್ಲ ಎಕೋ ಜೊತೆಗೆ ವಾಲ್ಯೂಮ್ ನಾಬ್ ತಿರುಗಿಸಿ ಮಾಡಿದ್ದು. ಕರಕರ ಅನ್ನೋ ಪಾಟಲ್ಲಿ ಇದರಲ್ಲಿ ಒಂದನ್ನೂ ಮಾಡೋಕೆ ಆಗಲ್ಲ. ಅದೇ ಕಾರಣಕ್ಕೆ ಹೊಸ ಹುಡುಗರು ಇದನ್ನು ಕಲಿಯೋಕೇ ಹೋಗಲ್ಲ.

ಗೆಳೆಯ ಈಗ ವಾಲ್ಯೂಮನ್ನು ಆರರಲ್ಲಿಟ್ಟು ನುಡಿಸ್ತಾನೆ, ಬೇಕಾದಾಗ ಹತ್ತಕ್ಕೆ ಏರಿಸ್ತಾನೆ. ಉಳಿದ ದುಡ್ಡಿನಲ್ಲಿ ಪೆಡಲ್ ತಗೊಂಡ, ಅದು ಬೇರೆ ವಿಷಯ :)

ತಾ.ಕ.: ಸದ್ದು ಬರ್ತಿರೋದು ಗಿಟಾರಿನ ನಾಬಿನಿಂದಲ್ಲ, ಆಂಪ್ಲಿಫೈಯರಿನ ನಾಬಿನಿಂದ ಅಂತಾದ್ರೆ ಮೇಲಿನ ಧೈರ್ಯ ಅಲ್ಲಿ ತೋರಿಸ್ಬೇಡಿ. ತೊಳೆದರೂ ಹೋಗದ ಕರಕರಕ್ಕೆ ಅಲ್ಲಿ ಸೋರುವ ಕೆಪಾಸಿಟರ್ ಕಾರಣ ಇರಬಹುದು. ವಾಲ್ವ್ ಆಂಪ್ ಆದ್ರಂತೂ ಪ್ಲಗ್ ಕಿತ್ತ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರುತ್ತೆ. ಅದನ್ನು ರಿಪೇರಿಯವರ ಹತ್ತಿರವೇ ಬಿಚ್ಚಿಸಿ.